ಒಂದು ಓರೆಗೆರೆಯ ಮಹಿಮೆ

‘ಬಳೆ’ ಎಂದು ಬರೆದು ಮೊದಲಕ್ಷರಕ್ಕೆ ಒಂದು ಇಳಿ ಕೊಟ್ಟರೆ ‘ಬಾಳೆ’ಯಾಗುತ್ತದೆ. ಕೈಯ ಆಭರಣವು ತೋಟದ ಗಿಡವಾಗಲು ಅಷ್ಟು ಚಿಹ್ನೆ ಸಾಕು. ನಮ್ಮ ಲಿಪಿಯಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಬೇರೆ ಬೇರೆ ರೂಪಗಳಿರುವುದರಿಂದ ಓದುವವನಿಗೆ ಸಂಶಯಕ್ಕೆಡೆಯಿಲ್ಲ.

ರೋಮನ್ ಲಿಪಿಯ ಸ್ಥಿತಿ ಹೀಗಲ್ಲ. ಅದರಲ್ಲಿ ಮುಖ್ಯವಾದ ಸ್ವರಾಕ್ಷರಗಳು ಐದೇ. ಆ ಲಿಪಿಯನ್ನು ಸ್ವೀಕರಿಸಿದ ಅನೇಕ ಜನಾಂಗಗಳ ನುಡಿಗೆ ಅಷ್ಟು ಸಾಲದಾಯಿತು. ಆದಕಾರಣ ಅವರು ಅಕ್ಷರದ ತಲೆಯ ಮೇಲೆ ಗುರುತುಗಳನ್ನಿಡುವ ಉಪಾಯವನ್ನು ಕಂಡುಕೊಂಡರು. ಬಲಗಡೆಗೆ ಏರುವ ಸಣ್ಣ ಓರೆಗೆರೆಯು ಅಂತಹ ಗುರುತುಗಳಲ್ಲೊಂದು. ಆ ವರ್ಣಮಾಲೆಯ ಮೊದಲನೆಯ ಅಕ್ಷರದ ಮೇಲೆ ಇದು ಬಂದಾಗ ಏನೇನಾಗುತ್ತದೆಂಬುದನ್ನು ನೋಡೋಣ.

ಜೆಕ್ ಭಾಷೆಯಲ್ಲಿ ಈ ಗೆರೆಯು ನಮ್ಮ ಇಳಿಯಂತೆ ದೀರ್ಘದ ಗುರುತು. ಗೆರೆಯಿಲ್ಲದ ‘ಪಸ್’ ಎಂದರೆ ಪಾಸ್‌ಪೋರ್ಟು. ಗೆರೆಯುಳ್ಳ ‘ಪಾಸ್’ ಎಂದರೆ ಪಟ್ಟಿ.

ಸ್ಪ್ಯಾನಿಷ್ ಭಾಷೆಯಲ್ಲಿಯಾದರೋ ಇದು ದೀರ್ಘವನ್ನು ಸೂಚಿಸದೆ, ಶಬ್ದದ ಯಾವ ಭಾಗವನ್ನು ಒತ್ತಿ ನುಡಿಯಬೇಕೆಂಬುದನ್ನು ತಿಳಿಸುತ್ತದೆ. ‘ಪಪ’ ಎಂಬುದರ ಮೊದಲ ಭಾಗಕ್ಕೆ ಒತ್ತು ಬಿದ್ದರೆ ದಕ್ಷಿಣ ಅಮೆರಿಕದಲ್ಲಿ ಬಟಾಟೆ. ಕೊನೆಯ ಸ್ವರಕ್ಕೆ ಗೆರೆಯಿಟ್ಟು ಅಲ್ಲಿ ಒತ್ತಿದರೆ ಅಪ್ಪ! ತಂದೆಗೆ ಪತ್ರ ಬರೆಯುವ ಅಲ್ಲಿನ ಬಾಲಕನು ಗೆರೆಯನ್ನು ಮರೆತರೆ ಬಟಾಟೆಗೆ ನಮಸ್ಕಾರ ಸಲ್ಲಿಸಿದಂತಾದೀತು.

ಐಸ್‌ಲೆಂಡಿನವರು ಈ ಗೆರೆಯುಳ್ಳ ಅಕ್ಷರವನ್ನು ‘ಔ’ ಎಂಬಂತೆ ಉಚ್ಚರಿಸುತ್ತಾರೆ. ಆ ಒಂದಕ್ಷರವೇ ಅವರಲ್ಲಿ ‘ನದಿ’ ಎಂಬರ್ಥದ ಪೂರ್ಣ ಶಬ್ದ. ವಿಯೆಟ್ನಾಮಿನಲ್ಲಿ ಗೆರೆಯು ದನಿಯನ್ನು ಏರಿಸಬೇಕೆಂದು ಸೂಚಿಸುತ್ತದೆ. ಸಮದನಿಯ ‘ಮಾ’ ಎಂದರೆ ದೆವ್ವ. ಏರುದನಿಯ ‘ಮಾ’ ಎಂದರೆ ಆ ದೇಶದ ದಕ್ಷಿಣ ಭಾಗದವರ ಮಾತಿನಲ್ಲಿ ತಾಯಿ.

ಈ ಗೆರೆಯು ಒಮ್ಮೆ ನಮ್ಮ ಸೊಲ್ಲಾಪುರಕ್ಕೂ ಬಂದಿತ್ತು. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಜೆಟಿಯರಿನ 20ನೆಯ ಸಂಪುಟದಲ್ಲಿ ‘ಷೋಲಾಪುರ’ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಮುದ್ರಿಸುವಾಗ ‘ಲಾ’ ಎಂಬುದರ ಸ್ವರದ ಮೇಲೆ ಇದನ್ನಿಟ್ಟಿದ್ದಾರೆ. ಪರಭಾಷೆಯ ಓದುಗನೂ ದೀರ್ಘವನ್ನು ತಪ್ಪದೆ ನುಡಿಯಲು ಇದರಿಂದ ಅನುಕೂಲವಾಗುತ್ತಿತ್ತು.

ಈಗ ನಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಿಂದ ಬರೆಯುತ್ತಾರೆ. ಅಲ್ಲಿ ಓರೆಗೆರೆಯೂ ಇಲ್ಲ, ಇಳಿಯೂ ಇಲ್ಲ. ಬಲೆ, ಬಳೆ, ಬಾಲೆ, ಬಾಳೆ—ಇವು ನಾಲ್ಕೂ ಒಂದೇ ರೂಪದಲ್ಲಿ ಕಲೆತುಹೋಗುತ್ತವೆ. ದೊಡ್ಡವರು ಸಂದರ್ಭವನ್ನರಿತು ಊಹಿಸಿಕೊಂಡಾರು. ಆದರೆ ಮನೆಯ ಹೊರಗೆ ಬೇರೆ ನುಡಿಯನ್ನೇ ಹೆಚ್ಚಾಗಿ ಕೇಳುವ ಗಡಿನಾಡಿನ ಮಗುವಿಗೆ ಊಹಿಸಲು ಕಿವಿಯ ನೆರವೂ ಕಡಿಮೆ. ಅದಕ್ಕೆ ಅಕ್ಷರವೇ ಆಧಾರ.

ಪಾಲಕರಲ್ಲಿ ನನ್ನ ವಿನಂತಿಯಿಷ್ಟೇ: ಮಕ್ಕಳಿಗೆ ಬರೆಯುವ ನಾಲ್ಕು ಸಾಲುಗಳನ್ನಾದರೂ ಕನ್ನಡ ಲಿಪಿಯಲ್ಲಿಯೇ ಬರೆಯಿರಿ. ವಿದ್ಯಾರ್ಥಿಗಳೇ, ನೀವು ಇಂಗ್ಲಿಷನ್ನೂ ಮರಾಠಿಯನ್ನೂ ಚೆನ್ನಾಗಿ ಕಲಿಯಿರಿ; ಕಾಗುಣಿತವನ್ನು ಮಾತ್ರ ಬೇಸರದ ಕೆಲಸವೆಂದು ತಿಳಿಯಬೇಡಿರಿ. ಬೇರೆ ಜನರು ಗೆರೆಯನ್ನೆಳೆದು ಪಡೆದುಕೊಂಡ ಸೌಕರ್ಯವು ನಿಮಗೆ ಒಂದನೆಯ ತರಗತಿಯಲ್ಲಿಯೇ ದೊರೆತಿದೆ.