ಬನಶಂಕರಿಗೆ ಸಾರಕ್ಕಿ ಟಿಕೆಟ್

ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷವೂ ನಾನು ಇಳಿಯುತ್ತಿದ್ದದ್ದು ಬನಶಂಕರಿಯಲ್ಲಿ, ಟಿಕೆಟ್ ತೆಗೆದುಕೊಳ್ಳುತ್ತಿದ್ದದ್ದು ಸಾರಕ್ಕಿ ಗೇಟಿಗೆ. ಕಂಡಕ್ಟರ್ ಎದುರು ನಿಂತರೆ ‘ಬ’ ನನ್ನ ತುಟಿ ದಾಟುತ್ತಿರಲಿಲ್ಲ. ‘ಸ’ ಹೇಗೋ ಜಾರಿಕೊಂಡು ಬಂದುಬಿಡುತ್ತಿತ್ತು. ಒಂದು ಸ್ಟೇಜಿನ ದುಡ್ಡು ದಂಡವಾದರೂ ಸರಿ, ಇಡೀ ಬಸ್ಸು ನನ್ನ ಕಡೆ ತಿರುಗುವುದು ಬೇಡ ಅನ್ನುವ ಲೆಕ್ಕ. ಆ ಟಿಕೆಟ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಯಾಕೆಂದು ಕೇಳಿದರೆ ಉತ್ತರವಿಲ್ಲ; ಅಪ್ಪ ಕರೆಂಟು ಬಿಲ್ಲುಗಳನ್ನು ತಂತಿಗೆ ಚುಚ್ಚಿಡುತ್ತಿದ್ದ ಹಾಗೆ.

ದೊಡ್ಡವರಲ್ಲಿ ಸುಮಾರು ನೂರಕ್ಕೊಬ್ಬರಿಗೆ ಉಗ್ಗು ಇರುತ್ತದಂತೆ. ಅದರಲ್ಲೂ ನಾಲ್ವರು ಗಂಡಸರಿಗೆ ಒಬ್ಬಳು ಹೆಂಗಸು. ಹಾಗಾಗಿ ನಂಜನಗೂಡಿನ ನಮ್ಮ ಶಾಲೆಯಲ್ಲಿ ನಾನೊಂದು ಅಪರೂಪದ ಪ್ರಾಣಿ. ಹಾಜರಿ ಕೂಗಿದಾಗ ‘ಪ್ರೆಸೆಂಟ್ ಮಿಸ್’ ಅನ್ನಲಾರದೆ ‘ಎಸ್ ಮಿಸ್’ ಅನ್ನುತ್ತಿದ್ದೆ. ಅದನ್ನು ಪೊಗರು ಅಂದುಕೊಂಡವರೂ ಇದ್ದರು. ಅಮ್ಮ ನನ್ನನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲೊಂದು ದಿನ ಕಿವಿಗೆ ಹೆಡ್‌ಫೋನ್ ಹಾಕಿ, ನನ್ನದೇ ದನಿಯನ್ನು ಚೂರು ತಡಮಾಡಿ ನನಗೆ ಕೇಳಿಸಿದರು. ಕನ್ನಡ ಪುಸ್ತಕದ ಒಂದು ಪಾಠವನ್ನು ಎಲ್ಲೂ ತೊಡರದೆ ಓದಿ ಮುಗಿಸಿದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೆಡ್‌ಫೋನ್ ತೆಗೆದ ಮೇಲೆ ಮತ್ತೆ ಹಳೇ ಕಥೆ.

ಚಿತ್ರಕಲೆ ಕಲಿತದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಅಲ್ಲಿ ಮಾತು ಕಡಿಮೆ. ಆದರೆ ಕಲಾವಿದೆ ಅನ್ನಿಸಿಕೊಂಡ ಮೇಲೆ ಎಲ್ಲರೂ ಒಂದೇ ಮಾತು ಹೇಳತೊಡಗಿದರು: ‘ನಿಮ್ಮ ಅನುಭವದ ಮೇಲೆ ಏನಾದರೂ ಮಾಡಿ.’ ಮಾಡಿದೆ. ಮೊದಲು ಒಂದು ಸಿನಿಮಾ. ಕ್ಯಾಮೆರಾವನ್ನು ನನ್ನ ಬಾಯಿಯ ಹತ್ತಿರಕ್ಕೆ ತಂದು, ತುಟಿ, ಹಲ್ಲು, ಗಂಟಲ ನರ ಕಾಣುವ ಹಾಗೆ ಇಟ್ಟು ಹೆಸರು ಹೇಳಿದೆ. ಕತ್ತಲಲ್ಲಿ ಒಂದು ಬಾಯಿ ಮಾತ್ರ. ಬಹಳ ಗಾಢವಾಗಿದೆ ಅಂದುಕೊಂಡೆ. ನೋಡಿದ ಗೆಳೆಯನೊಬ್ಬ, ‘ಬೆಕೆಟ್ ಇದನ್ನು ಎಪ್ಪತ್ತರ ದಶಕದಲ್ಲೇ ಮಾಡಿ ಮುಗಿಸಿದ್ದಾನೆ ಕಣೇ’ ಅಂದ. ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ತೊಂದರೆ ನಾಟಕಕಾರ ಬೆಕೆಟ್‌ನದಲ್ಲ. ನನ್ನ ಬಾಯಿಯನ್ನು ನಾನು ಯಾವತ್ತೂ ಹಾಗೆ ನೋಡಿಯೇ ಇರಲಿಲ್ಲ. ಉಗ್ಗುವಾಗ ನನಗೆ ಕಾಣುವುದು ನನ್ನ ಬಾಯಲ್ಲ, ಎದುರಿನವರ ಮುಖ.

ಸರಿ, ಕ್ಯಾಮೆರಾ ತಿರುಗಿಸಿದೆ. ನನ್ನ ಹೆಗಲ ಹಿಂದೆ ಸ್ಟ್ಯಾಂಡ್ ಇಟ್ಟು, ಗೊತ್ತಿದ್ದವರನ್ನು ಒಪ್ಪಿಸಿ ಎದುರು ಕೂರಿಸಿಕೊಂಡು ಮಾತಾಡಿದೆ. ಮೆಡಿಕಲ್ ಶಾಪಿನವರು, ಚಿಕ್ಕಪ್ಪ, ಹಳೆಯ ಟೀಚರು, ಅಮ್ಮ. ಒಬ್ಬೊಬ್ಬರೂ ಕಾಯುವ ರೀತಿ ಬೇರೆ. ಚಿಕ್ಕಪ್ಪ ಗೋಡೆ ಕ್ಯಾಲೆಂಡರ್ ನೋಡುತ್ತಾರೆ. ಮೆಡಿಕಲ್ ಶಾಪಿನವರು ಸುಮ್ಮನೆ ತಲೆಯಾಡಿಸುತ್ತಾರೆ, ನಾನಿನ್ನೂ ಏನೂ ಹೇಳಿರದಿದ್ದರೂ. ಟೀಚರು ಉಸಿರು ಬಿಗಿಹಿಡಿಯುತ್ತಾರೆ.

ಎಡಿಟಿಂಗಿಗೆ ಕೊಟ್ಟೆ. ಎರಡು ದಿನ ಬಿಟ್ಟು ಆ ಹುಡುಗ ಖುಷಿಯಿಂದ ಫೋನ್ ಮಾಡಿದ: ‘ಅಕ್ಕಾ, ತುಂಬಾ ಗ್ಯಾಪ್ ಇತ್ತು, ಎಲ್ಲಾ ಟೈಟ್ ಮಾಡಿದೀನಿ.’ ನಲವತ್ತು ನಿಮಿಷದ್ದು ಒಂಬತ್ತು ನಿಮಿಷವಾಗಿತ್ತು, ಮತ್ತು ಅದರಲ್ಲಿ ನಾನು ಬಾನುಲಿ ವಾರ್ತೆ ಓದುವವಳ ಹಾಗೆ ಮಾತಾಡುತ್ತಿದ್ದೆ. ಅವನದು ತಪ್ಪಲ್ಲ, ಕಲಿತ ಕಸುಬೇ ಅದು. ಅವನ ಪಕ್ಕ ಕೂತು ಒಂದೊಂದೇ ಮೌನವನ್ನು ವಾಪಸ್ ಹಾಕಿಸಿದೆ. ಪರದೆಯ ಮೇಲೆ ದನಿಯ ಗೆರೆ ನೋಡಿದ್ದೂ ಆಗಲೇ: ಅಕ್ಷರ ಮರುಕಳಿಸಿದರೆ ಬಾಚಣಿಗೆಯ ಹಲ್ಲು, ಕಟ್ಟಿಕೊಂಡರೆ ಬರೀ ಚಪ್ಪಟೆ ಗೆರೆ. ನನಗೆ ಎದೆ ಒಡೆಯುವಷ್ಟು ಕಷ್ಟವಾದ ಕಡೆಯಲ್ಲೆಲ್ಲ ಯಂತ್ರಕ್ಕೆ ಕಂಡದ್ದು ಏನೂ ಇಲ್ಲ.

ಆ ಮೌನಗಳನ್ನು ಹುಡುಕುತ್ತಿದ್ದಾಗಲೇ ಅಮ್ಮನ ತುಟಿ ಕಂಡದ್ದು. ನಾನು ಒಂದು ಪದಕ್ಕೆ ಸಿಕ್ಕಿಕೊಂಡಾಗಲೆಲ್ಲ ಅವಳ ತುಟಿ ಆ ಪದವನ್ನು ಸದ್ದಿಲ್ಲದೆ ಹೇಳಿ ಮುಗಿಸುತ್ತಿತ್ತು. ಮೂವತ್ತು ವರ್ಷದಿಂದ ಹೇಳುತ್ತಿದ್ದಳೇನೋ. ಎದುರಿಗೇ ಇದ್ದರೂ ಗಮನಿಸಿರಲಿಲ್ಲ.

ಪ್ರದರ್ಶನದ ಕತೆ ಇದಕ್ಕಿಂತ ಕೆಟ್ಟದು. ಒಂದು ಗ್ಯಾಲರಿಯಲ್ಲಿ ಟಿಕೆಟ್ ಕೌಂಟರಿನಂಥ ಗೂಡು ಕಟ್ಟಿಸಿದೆ. ಬಂದವರು ಸಾಲಿನಲ್ಲಿ ನಿಲ್ಲಬೇಕು, ನಾನು ‘ಬ’ ಅಕ್ಷರದ ಊರಿನ ಹೆಸರು ಹೇಳಬೇಕು, ಹೇಳಿ ಮುಗಿಸಿದ ಮೇಲೆ ಅವರಿಗೊಂದು ಟಿಕೆಟ್. ಬಾದಾಮಿ, ಬೇಲೂರು, ಬಂಟ್ವಾಳ, ಬೈಲಹೊಂಗಲ. ಮೊದಲ ದಿನ ನಲವತ್ತು ಜನ ಬಂದರು. ಒಂದು ಸಲವೂ ಉಗ್ಗಲಿಲ್ಲ! ಗೊತ್ತಿರಬೇಕಿತ್ತು. ಉಗ್ಗುವವರು ಹಾಡುವಾಗ, ಹತ್ತು ಜನರ ಜೊತೆ ಒಟ್ಟಿಗೆ ಓದುವಾಗ, ಪಾತ್ರ ಮಾಡುವಾಗ ಎಷ್ಟೋ ಸಲ ಸರಾಗವಾಗಿ ಮಾತಾಡಿಬಿಡುತ್ತಾರೆ. ಗೂಡಿನೊಳಗೆ ಕೂತವಳು ನಾನಲ್ಲ, ಟಿಕೆಟ್ ಕೊಡುವವಳು. ಅವಳಿಗೆ ಉಗ್ಗಿರಲಿಲ್ಲ.

ಎರಡನೇ ದಿನ ಬೇಕೆಂದೇ ಉಗ್ಗಿದೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ‘ಬ… ಬ… ಬ…’ ಅಂತ ನನ್ನ ಉಗ್ಗನ್ನೇ ನಕಲು ಮಾಡಿದೆ, ಅದೂ ಕೆಟ್ಟದಾಗಿ. ನಮ್ಮ ಸಿನಿಮಾಗಳಲ್ಲಿ ಉಗ್ಗುವ ಪಾತ್ರ ಬಂತೆಂದರೆ ನಗಿಸುವುದಕ್ಕೇ ಅಂತ ಲೆಕ್ಕ. ಚಿಕ್ಕಂದಿನಲ್ಲಿ ಟಾಕೀಸಿನಲ್ಲಿ ಅಂಥ ದೃಶ್ಯ ಬಂದಾಗ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ. ಈಗ ನಾನೇ ಆ ಪಾತ್ರ. ಸಾಲಿನಲ್ಲಿದ್ದ ಒಬ್ಬ ಹುಡುಗಿಯ ಕಣ್ಣಲ್ಲಿ ನೀರು ಬಂತು. ಆ ನೀರಿಗೆ ನಾನು ಅರ್ಹಳಲ್ಲ ಅಂತ ಗೊತ್ತಿದ್ದೂ ಟಿಕೆಟ್ ಹರಿದು ಕೊಟ್ಟೆ.

ಸಂಜೆ ಗೂಡು ಮುಚ್ಚಿಸಿದೆ. ಬದಲಿಗೆ ಫೋನು ಹಿಡಿದೆ, ಯಾಕೆಂದರೆ ಫೋನಿನಲ್ಲಿ ನಟಿಸುವ ಅಗತ್ಯವೇ ಬೀಳುವುದಿಲ್ಲ. ಬಂದವರಲ್ಲಿ ಇಷ್ಟವಿದ್ದವರು ನಂಬರ್ ಕೊಟ್ಟು ಹೊರಗೆ ಅಂಗಳಕ್ಕೆ ಹೋಗುತ್ತಿದ್ದರು. ನಾನು ಒಳಗಿನಿಂದ ಕರೆ ಮಾಡಿ ನನ್ನ ಹೆಸರು ಹೇಳಬೇಕು, ಅಷ್ಟೇ. ಕಿಟಕಿಯಿಂದ ಅವರು ಕಾಣುತ್ತಿದ್ದರು. ನನ್ನ ಗಂಟಲು ಕಟ್ಟಿದಾಗ ಅವರಿಗೆ ಕೇಳುವುದು ಬರೀ ಮೌನ. ಒಬ್ಬರು ಫೋನನ್ನು ಮುಖದೆದುರು ಹಿಡಿದು ಸಿಗ್ನಲ್ ಇದೆಯೇ ಅಂತ ನೋಡಿದರು. ಇಬ್ಬರು ಕಟ್ ಮಾಡಿದರು. ವಯಸ್ಸಾದ ಒಬ್ಬರು ಮಾತ್ರ ಹೊಂಗೆ ಮರದ ಕೆಳಗೆ ಕೂತು, ಫೋನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಇರುವೆ ಕೊಡವಿಕೊಳ್ಳುತ್ತಾ ಆರಾಮಾಗಿ ಕಾದರು.

ಕೊನೆಗೆ ಇನ್‌ಸ್ಟಲೇಶನ್. ಇದರ ಮೂಲ ಮೈಸೂರಿನ ಆ ಹೆಡ್‌ಫೋನು. ಉಗ್ಗುವವರಿಗೆ ಸಹಾಯ ಮಾಡುವ ಅದೇ ಯಂತ್ರ ಸರಾಗ ಮಾತಿನವರನ್ನು ತೊಡರಿಸುತ್ತದೆ. ತಮ್ಮ ದನಿ ತಮಗೇ ಒಂದು ಸೆಕೆಂಡಿನ ಐದನೇ ಒಂದು ಪಾಲು ತಡವಾಗಿ ಕೇಳಿದರೆ ಎಂಥವರ ನಾಲಿಗೆಯೂ ಎಡವುತ್ತದೆ. 1974ರಲ್ಲಿ ರಿಚರ್ಡ್ ಸೆರಾ ‘ಬೂಮರಾಂಗ್’ ಅನ್ನುವ ವಿಡಿಯೋದಲ್ಲಿ ಕಲಾವಿದೆ ನ್ಯಾನ್ಸಿ ಹೋಲ್ಟ್ ಕಿವಿಗೆ ಹೀಗೇ ಹೆಡ್‌ಫೋನ್ ಹಾಕಿ ಕೂರಿಸಿದ್ದ. ಹಿಂತಿರುಗಿ ಬರುವ ತನ್ನ ಮಾತಿನ ಜೊತೆ ಗುದ್ದಾಡುತ್ತಾ, ಹಾಗೆ ಗುದ್ದಾಡುವಾಗ ಏನಾಗುತ್ತಿದೆ ಅನ್ನುವುದನ್ನೂ ಆಕೆ ಹೇಳುತ್ತಾ ಹೋಗುತ್ತಾಳೆ. ನನಗೆ ಇನ್ನೂ ಹತ್ತಿರದವನು ಅಮೆರಿಕದ ಸಂಗೀತಗಾರ ಆಲ್ವಿನ್ ಲೂಸಿಯರ್. ಅವನಿಗೂ ಉಗ್ಗಿತ್ತು. 1969ರಲ್ಲಿ ಒಂದು ಕೋಣೆಯಲ್ಲಿ ಕೂತು ನಾಲ್ಕು ಸಾಲು ಮಾತಾಡಿ ರೆಕಾರ್ಡ್ ಮಾಡಿದ. ಅದನ್ನು ಅದೇ ಕೋಣೆಯಲ್ಲಿ ಹಾಕಿ ಮತ್ತೆ ರೆಕಾರ್ಡ್ ಮಾಡಿದ. ಹಾಗೇ ಮತ್ತೆ ಮತ್ತೆ. ಕೋಣೆಯ ಅನುರಣನ ಮಾತನ್ನು ತಿನ್ನುತ್ತಾ ತಿನ್ನುತ್ತಾ, ಕಡೆಗೆ ಉಳಿಯುವುದು ನಾದ ಮಾತ್ರ. ತನ್ನ ಮಾತಿನ ಏರುಪೇರು ನಯವಾಗಲಿ ಅಂತ ಮಾಡಿದ್ದು ಅನ್ನುತ್ತಾನೆ, ಹಾಗನ್ನುವ ವಾಕ್ಯದಲ್ಲೇ ಅವನ ನಾಲಿಗೆ ತೊಡರುತ್ತದೆ. ಅದನ್ನು ಎಷ್ಟು ಸಲ ಕೇಳಿದ್ದೇನೋ.

ಬಂದವರು ಹೆಡ್‌ಫೋನ್ ಹಾಕಿಕೊಂಡು ಮೈಕಿನೆದುರು ಗಟ್ಟಿಯಾಗಿ ಓದಲಿ ಅಂತ ನಾನಿಟ್ಟ ಯಂತ್ರ ಮೊದಲು ಕೆಲಸವನ್ನೇ ಮಾಡಲಿಲ್ಲ. ಕಂಪ್ಯೂಟರ್ ತಾನಾಗಿ ಸೇರಿಸುವ ತಡವನ್ನು ಲೆಕ್ಕ ಹಾಕಿರಲಿಲ್ಲ. ಅರ್ಧ ಸೆಕೆಂಡಿಗಿಂತ ಹೆಚ್ಚಾಗಿ, ಬಾವಿಯೊಳಗೆ ಕೂಗಿದಂಥ ಪ್ರತಿಧ್ವನಿ ಬಂತು, ಜನ ಆರಾಮಾಗಿ ಓದಿಕೊಂಡು ಹೋದರು. ತಡ ಕಡಿಮೆ ಮಾಡಿದ ಮೇಲೂ ಹಗುರ ಹೆಡ್‌ಫೋನ್ ಸಾಲಲಿಲ್ಲ, ತಲೆಬುರುಡೆಯ ಮೂಲಕ ಸ್ವಂತ ದನಿ ಸಕಾಲಕ್ಕೇ ಕೇಳಿಬಿಡುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು ತಂದು ವಾಲ್ಯೂಮ್ ಏರಿಸಿದೆ. ಕೆಲಸ ಮಾಡಿತು. ತುಂಬಾ ಚೆನ್ನಾಗಿಯೇ ಮಾಡಿತು. ಹುಡುಗರು ಗುಂಪಾಗಿ ಬಂದು, ಒಬ್ಬ ಓದುವಾಗ ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಮೊಬೈಲಿನಲ್ಲಿ ರೀಲ್ ಮಾಡಿಕೊಂಡರು. ಜಾತ್ರೆಯ ನಗಿಸುವ ಕನ್ನಡಿ.

ಆಗ ನೆನಪಾದದ್ದು ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ. ಅವರ ‘ನನ್ನ ನೋವನ್ನು ಅವನಿಗೆ ಹೇಳು’ ಎಂಬರ್ಥದ ಹೆಸರಿನ ಕೃತಿಯಲ್ಲಿ ನೋವಿನ ಬಗ್ಗೆ ಒಂದು ಮಾತೂ ಇಲ್ಲ. ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಅಂಟು, ಕುಂಕುಮ ಬೆರೆಸಿ ಹಗ್ಗ ಮಾಡಿದ್ದಾರೆ. ಯಾರನ್ನೂ ಆ ಸೂಜಿಯಿಂದ ಚುಚ್ಚುವುದಿಲ್ಲ. ನಾನು ಬಂದವರನ್ನೆಲ್ಲ ಚುಚ್ಚಲು ಹೊರಟಿದ್ದೆ.

ಹೆಡ್‌ಫೋನು, ಮೈಕು ತೆಗೆಸಿದೆ. ಖಾಲಿ ಕೋಣೆಯಲ್ಲಿ ಸಾರಕ್ಕಿ ಟಿಕೆಟ್‌ಗಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ಒಂದು ಗೋಡೆಯ ಮೇಲೆ ಅಮ್ಮನ ತುಟಿ ಮಾತ್ರ, ಸದ್ದಿಲ್ಲದೆ.

ಅಮ್ಮ ನೋಡಲು ಬಂದಳು. ಬಹಳ ಹೊತ್ತು ನಿಂತಿದ್ದಳು. ‘ಇಷ್ಟೊಂದು ದುಡ್ಡು ದಂಡ ಕೊಟ್ಟಿದ್ಯಾ?’ ಅಂದಳು. ತುಟಿಯ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬಸ್ಸಿನಲ್ಲೇ ವಾಪಸ್ ಹೊರಟೆವು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾದರೂ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು, ಅದಕ್ಕೆ ಊರು ಹೇಳಲೇಬೇಕು. ಕಂಡಕ್ಟರ್ ‘ಎಲ್ಲಿಗಮ್ಮಾ?’ ಅಂದರು. ಪಕ್ಕದಲ್ಲಿ ಅಮ್ಮನ ತುಟಿ ಅಲುಗಿತು, ತಕ್ಷಣ ಅವಳು ಕಿಟಕಿ ಕಡೆ ತಿರುಗಿಬಿಟ್ಟಳು. ‘ಬ…’ ಅಂದೆ. ‘ಬ…’ ಹಿಂದಿನ ಸೀಟಿನವರು ಬಗ್ಗಿ ನೋಡಿದರು. ಕಂಡಕ್ಟರ್ ಒಂದು ಗಳಿಗೆ ಕಾದು, ಯಂತ್ರ ಒತ್ತಿ, ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋದರು.

ನೋಡಿದರೆ ಬಸವನಗುಡಿ.

ಮಡಚಿ ಪರ್ಸಿಗೆ ಹಾಕಿಕೊಂಡೆ. ಡಬ್ಬಿ ಹೇಗೂ ಖಾಲಿಯಾಗಿತ್ತು.