ಎಕೋ ವರದಿಯ 60 ಅಂದರೆ ನೂರಕ್ಕೆ ಅರವತ್ತು ಅಂಕವಲ್ಲ



ಎಕೋ ಮಾಡಿಸಿಕೊಂಡು ಬಂದವರು ಸಂಘದಲ್ಲಿ ಕೇಳುವುದುಂಟು: “ಇ.ಎಫ್. 60 ಅಂತ ಬರೆದಿದ್ದಾರೆ. ಉಳಿದ 40 ಭಾಗ ಹಾಳಾಗಿದೆಯಾ?” ಹಾಗಲ್ಲ. ಹೃದಯದ ಎಡಗಡೆಯ ಕೆಳಗಿನ ಕೋಣೆ ಇಡೀ ದೇಹಕ್ಕೆ ರಕ್ತ ಒತ್ತುವ ಪಂಪು. ಅದು ತುಂಬಿದಾಗ 100 ಮಿ.ಲೀ. ರಕ್ತ ಇತ್ತು, ಹಿಂಡಿದ ಮೇಲೆ 40 ಮಿ.ಲೀ. ಒಳಗೇ ಉಳಿಯಿತು ಎನ್ನೋಣ. ಹೊರಗೆ ಹೋದದ್ದು 60. ಅದೇ ಇ.ಎಫ್. ಯಾರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಹೆಂಗಸರಿಗೆ 54ರಿಂದ 74ರವರೆಗೆ ಸರಿಯಾದ ಲೆಕ್ಕವೇ.

ಗರ್ಭಿಣಿಯರ ಸ್ಕ್ಯಾನಿಂಗಿನಂತೆ ಇಲ್ಲಿಯೂ ಕಿವಿಗೆ ಕೇಳದ ಶಬ್ದದ ಅಲೆಗಳೇ ಕೆಲಸ ಮಾಡುತ್ತವೆ. ಎಕ್ಸ್‌ರೇ ಅಲ್ಲ, ಸೂಜಿಯೂ ಇಲ್ಲ. ಹಾಗಾದರೆ ರಕ್ತ ಅಳೆಯುವುದು ಹೇಗೆ? ಚಕ್ಕುಲಿ ಒತ್ತುವಾಗ ನೋಡಿ. ಒರಳಿನ ತೂತು ಎಷ್ಟು ದಪ್ಪ, ಎಷ್ಟು ಉದ್ದ ಹೊರಬಂತು ಎಂದು ಗೊತ್ತಾದರೆ ಹಿಟ್ಟು ಎಷ್ಟೆಂದು ಹೇಳಬಹುದಲ್ಲ? ಇದೂ ಅದೇ. ರಕ್ತ ಹೊರಡುವ ದಾರಿಯ ಅಗಲ 2 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ 3.14 ಚದರ ಸೆಂ.ಮೀ. ಒಂದು ಬಡಿತಕ್ಕೆ ರಕ್ತ 20 ಸೆಂ.ಮೀ. ಮುಂದೆ ಹೋಯಿತೆಂದು ಡಾಪ್ಲರ್ ತೋರಿಸುತ್ತದೆ. ಗುಣಿಸಿದರೆ ಸುಮಾರು 63 ಮಿ.ಲೀ. ನಿಮಿಷಕ್ಕೆ 72 ಬಡಿತವಾದರೆ ನಾಲ್ಕೂವರೆ ಲೀಟರ್. ಗಂಟೆಗೆ 270 ಲೀಟರ್! ಸುಮ್ಮನೆ ಕುಳಿತಾಗಲೂ ಇಷ್ಟು ಕೆಲಸ.

ಆದರೆ ಇದು ಅಂದಾಜು. ಆ 2 ಸೆಂ.ಮೀ. ಅಗಲವನ್ನು ಯಾರಾದರೂ 1.8 ಎಂದು ಅಳೆದರೆ, ಬರೀ ಎರಡು ಮಿ.ಮೀ. ವ್ಯತ್ಯಾಸಕ್ಕೆ, 63 ಇದ್ದದ್ದು 51 ಆಗುತ್ತದೆ. ಇ.ಎಫ್. ಕೂಡ ತೆರೆಯ ಮೇಲಿನ ಚಿತ್ರದ ಅಂಚು ಗುರುತಿಸಿ ಮಾಡುವ ಲೆಕ್ಕ. ಹೋದ ಸಲ 60, ಈ ಸಲ 57 ಬಂದರೆ ನಿದ್ದೆಗೆಡಬೇಕಾಗಿಲ್ಲ. 40 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಔಷಧಿ ತಪ್ಪಿಸಲೇಬಾರದು.

ಇನ್ನೊಂದು ಮಾತು. ಇ.ಎಫ್. ಚೆನ್ನಾಗಿದ್ದರೂ ಕೋಣೆ ಬಿರುಸಾಗಿ ಸರಿಯಾಗಿ ತುಂಬದೇ ಇರಬಹುದು. ಬಿ.ಪಿ. ಇರುವ ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಆದ್ದರಿಂದ “ಇ.ಎಫ್. ಸರಿಯಿದೆ, ನಿನಗೇನಿಲ್ಲ” ಎಂದು ಮನೆಯವರು ಹೇಳಿದರೂ, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಪುನಃ ಡಾಕ್ಟರರಿಗೆ ಹೇಳಿ.

ಬಾಣಂತಿಯರ ವಿಷಯದಲ್ಲಂತೂ ತಡ ಮಾಡಬೇಡಿ. ಗರ್ಭದ ಕೊನೆಯ ತಿಂಗಳಲ್ಲಿ ಅಥವಾ ಹೆರಿಗೆಯಾದ ಐದು ತಿಂಗಳೊಳಗೆ ಕೆಲವರ ಹೃದಯ ಬಲ ಕಳೆದುಕೊಂಡು ಇ.ಎಫ್. 45ಕ್ಕಿಂತ ಕೆಳಗಿಳಿಯುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಕಾಲು ಬಾಯುತ್ತದೆ. ಮನೆಯಲ್ಲಿ ಇದನ್ನು ಬಾಣಂತಿ ನಿಶ್ಶಕ್ತಿ ಎಂದು ಕಷಾಯ ಕೊಡುತ್ತಾ ಕೂರುತ್ತಾರೆ. ಸಮಯಕ್ಕೆ ಚಿಕಿತ್ಸೆ ಸಿಕ್ಕಿದರೆ ಅನೇಕರ ಹೃದಯ ಚೇತರಿಸಿಕೊಳ್ಳುತ್ತದೆ. ರಾತ್ರಿ ಎದ್ದು ಕುಳಿತೇ ಉಸಿರಾಡುವ ಬಾಣಂತಿ ನಿಮ್ಮ ಓಣಿಯಲ್ಲಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಳೆಯ ಎಕೋ ವರದಿ ಇದ್ದರೆ ಜೊತೆಗಿರಲಿ.