ಹೋಂಸ್ಟೇ ವೈಫೈಗೆ ಎರಡು ಬಾಗಿಲಿರಲಿ

ಹೆತ್ತೂರು, ಹಾನುಬಾಳು, ಬಿಸಿಲೆ ಕಡೆಯ ಹೋಂಸ್ಟೇಗೆ ಬಂದವರು ಕಾರಿನಿಂದ ಇಳಿಯುತ್ತಲೇ ಕೇಳುವುದು ವೈಫೈ ಪಾಸ್‌ವರ್ಡ್. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದು, ಪಾಪ, ಅವರಾದರೂ ಏನು ಮಾಡಿಯಾರು? ಕೊಡಲೇಬೇಕು. ಆದರೆ ಬಂದವರನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತೇವೆಯೇ ಹೊರತು ಬೀರುವಿನ ಕೀಲಿ ಕೊಡುವುದಿಲ್ಲ. ತೋಟದ ಲೆಕ್ಕದ ಕಂಪ್ಯೂಟರು, ಕಣದ ಸಿಸಿಟಿವಿ, ಮನೆಯವರ ಫೋನು ಇರುವ ನೆಟ್‌ವರ್ಕಿಗೇ ಅವರನ್ನೂ ಸೇರಿಸಿದರೆ, ಅವರ ಲ್ಯಾಪ್‌ಟಾಪಿನ ವೈರಸ್ಸಿಗೂ ಒಳಮನೆಯ ದಾರಿ ತೋರಿಸಿದಂತೆ.

ಈಗಿನ ಬಹಳಷ್ಟು ರೂಟರುಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇರುತ್ತದೆ. ಅದನ್ನು ಆನ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಅತಿಥಿಗಳಿಗೆ ಇಂಟರ್ನೆಟ್ ಮಾತ್ರ ಸಿಗಲಿ, ಮನೆಯ ಉಪಕರಣಗಳು ಕಾಣದಿರಲಿ. ಆ ಸೆಟ್ಟಿಂಗ್ ಅಲ್ಲೇ ಇರುತ್ತದೆ. ರೂಟರನ್ನೊಮ್ಮೆ ತಿರುಗಿಸಿ, ಅಡಿಯಲ್ಲಿ ಅಂಟಿಸಿರುವ ಚೀಟಿ ನೋಡಿ. ರೂಟರಿನ ಸೆಟ್ಟಿಂಗ್ ತೆರೆಯುವ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಆ ಚೀಟಿಯಲ್ಲಿರುವುದೇ ಆಗಿದ್ದರೆ ಮೊದಲು ಅದನ್ನು ಬದಲಿಸಿ. ಹಜಾರದಲ್ಲಿ ಇಟ್ಟ ರೂಟರಿನ ಚೀಟಿ ಯಾರ ಕಣ್ಣಿಗಾದರೂ ಬೀಳುತ್ತದೆ.

ವೈಫೈಯನ್ನು ಪಾಸ್‌ವರ್ಡೇ ಇಲ್ಲದೆ ಮಾತ್ರ ಬಿಡಬೇಡಿ. 2008ರ ಅಹಮದಾಬಾದ್ ಸ್ಫೋಟದ ಬೆದರಿಕೆ ಇಮೇಲ್ ಹೋಗಿದ್ದು ನವಿಮುಂಬೈಯ ಮನೆಯೊಂದರ ಭದ್ರತೆಯಿಲ್ಲದ ವೈಫೈಯಿಂದ. ಪೊಲೀಸರು ಮೊದಲು ಬಂದು ನಿಂತದ್ದು ಆ ಮನೆಯವರ ಬಾಗಿಲಿಗೆ.

ಆಲೂರು, ಸಕಲೇಶಪುರದ ಹೋಂಸ್ಟೇ ಬಂಧುಗಳೇ, ಇದು ಅರ್ಧ ಗಂಟೆಯ ಕೆಲಸ. ಬರುವ ಶನಿವಾರದ ಅತಿಥಿಗಳು ಗೇಟು ದಾಟುವ ಮೊದಲೇ ಮುಗಿಸಿಬಿಡಿ.